ಎಲ್ಲವನ್ನೂ ಎತ್ತಿಟ್ಟವರ ಪುಣ್ಯ

ಕ್ರಿಸ್‌ಮಸ್ಸಿನ ಹಿಂದಿನ ದಿನ. ಹಿಮ ಬೀಳುತ್ತಲೇ ಇದೆ. ರೈಲು ಹಳಿ ಮೇಲೆ ಸಿಕ್ಕಿಹಾಕಿಕೊಂಡಿದೆ. ಒಂದು ಬೋಗಿಯ ಕೆಲವರು ಕಾದು ಕಾದು ಬೇಸತ್ತು, ಇಳಿದು ನಡೆದೇ ಹೋಗೋಣ ಅಂತ ಹೊರಡುತ್ತಾರೆ. ದಾರಿ ತಪ್ಪುತ್ತದೆ. ಕೊನೆಗೆ ಒಂದು ಮನೆ ಕಾಣುತ್ತದೆ. ಬಾಗಿಲಿಗೆ ಬೀಗವಿಲ್ಲ. ಒಳಗೆ ಬೆಂಕಿ ಉರಿಯುತ್ತಿದೆ, ಕೆಟಲಿನಲ್ಲಿ ನೀರು ಕುದಿಯುತ್ತಿದೆ, ಟೀಗೆ ಬೇಕಾದದ್ದೆಲ್ಲ ಮೇಜಿನ ಮೇಲೆ ಜೋಡಿಸಿಟ್ಟಿದೆ. ಆದರೆ ಮನೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ.

ಜೆ. ಜೆಫರ್ಸನ್ ಫಾರ್ಜನ್ 1937ರಲ್ಲಿ ಬರೆದ 'ಮಿಸ್ಟರಿ ಇನ್ ವೈಟ್' ಕಾದಂಬರಿ ಶುರುವಾಗುವುದು ಹೀಗೆ. ಬದುಕಿದ್ದಾಗ ಫಾರ್ಜನ್ ಹೆಸರು ಮಾಡಿದ್ದ ಲೇಖಕರು. 60ಕ್ಕೂ ಹೆಚ್ಚು ಕಾದಂಬರಿ ಬರೆದರು. ಅವರ ಒಂದು ನಾಟಕವನ್ನು ಆಲ್‌ಫ್ರೆಡ್ ಹಿಚ್‌ಕಾಕ್ 1932ರಲ್ಲಿ ಸಿನಿಮಾ ಮಾಡಿದ್ದರು. 1955ರಲ್ಲಿ ಅವರು ತೀರಿಕೊಂಡ ಮೇಲೆ ಪುಸ್ತಕಗಳ ಪ್ರತಿಗಳು ಒಂದೊಂದಾಗಿ ಮುಗಿದವು. ಓದಿದ್ದವರಿಗೂ ವಯಸ್ಸಾಯಿತು. ಇಂಥ ಒಬ್ಬ ಲೇಖಕ ಇದ್ದ ಅನ್ನುವುದೇ ಜನಕ್ಕೆ ಮರೆತುಹೋಯಿತು.

2014ರಲ್ಲಿ ಈ ಕಾದಂಬರಿ ಮತ್ತೆ ಅಚ್ಚಾಯಿತು. ಆ ವರ್ಷದ ಕ್ರಿಸ್‌ಮಸ್ ಹೊತ್ತಿಗೆ ಬ್ರಿಟನ್ನಿನ ಪುಸ್ತಕದಂಗಡಿಗಳಲ್ಲಿ ಹೊಸ ಪುಸ್ತಕಗಳಿಗೆ ಸಮನಾಗಿ ಮಾರಾಟವಾಯಿತು. ಅದನ್ನು ಅಚ್ಚು ಹಾಕಿಸಿದ್ದು ಹೆಸರಾಂತ ಪ್ರಕಾಶನ ಸಂಸ್ಥೆಯಲ್ಲ, ಒಂದು ಲೈಬ್ರರಿ. ಲಂಡನ್ನಿನ ಬ್ರಿಟಿಷ್ ಲೈಬ್ರರಿ.

ಲೈಬ್ರರಿ ಪುಸ್ತಕ ಕೊಡುತ್ತದೆ, ವಾಪಸ್ ತಗೊಳ್ಳುತ್ತದೆ, ಕಾಪಾಡುತ್ತದೆ. ಅದೇ ಲೈಬ್ರರಿ ತನ್ನ ಉಗ್ರಾಣಕ್ಕೆ ಇಳಿದು, ದಶಕಗಳಿಂದ ಯಾರೂ ಕೇಳದ ಪುಸ್ತಕವನ್ನು ಎತ್ತಿಕೊಂಡು ಬಂದು, ಹೊಸ ರಟ್ಟು ಹಾಕಿ ಅಂಗಡಿಗೆ ಕಳಿಸುತ್ತದೆ ಅಂದರೆ ಅದು ಬೇರೆಯದೇ ಕೆಲಸ. 2012ರ ಸುಮಾರಿಗೆ ಹಳೆಯ ಪತ್ತೇದಾರಿ ಕಾದಂಬರಿಗಳಿಂದ ಶುರುವಾದ ಈ ಮಾಲೆ ಈಗ 100 ಪುಸ್ತಕ ದಾಟಿದೆ. ಆಮೇಲೆ ದೆವ್ವ-ಭೂತದ ಕಥೆಗಳ ಮಾಲೆ ಬಂತು, ವೈಜ್ಞಾನಿಕ ಕಥೆಗಳದ್ದು ಬಂತು, 2020ರಲ್ಲಿ ಮರೆತುಹೋದ ಲೇಖಕಿಯರ ಮಾಲೆಯೂ ಬಂತು. ಇವನ್ನು ಓದುತ್ತಾ ಓದುತ್ತಾ ನನಗೆ ಒಂದು ವಿಷಯ ಗಟ್ಟಿಯಾಗಿ ಅನ್ನಿಸಿದೆ. ಯಾವ ಪುಸ್ತಕ ಉಳಿಯಬೇಕು, ಯಾವುದು ಹೋಗಬೇಕು ಅಂತ ತೀರ್ಮಾನ ಮಾಡುವ ಯೋಗ್ಯತೆ ಆ ಪುಸ್ತಕದ ಕಾಲದವರಿಗೆ ಇರುವುದಿಲ್ಲ. ಮೊದಲು ಎಲ್ಲವನ್ನೂ ಎತ್ತಿಡಬೇಕು. ಒಳ್ಳೆಯದೋ ಕೆಟ್ಟದ್ದೋ ಅಂತ ಆಮೇಲೆ ಬರುವವರು ನೋಡಿಕೊಳ್ಳುತ್ತಾರೆ.

ಇದಕ್ಕೆ ಇಂಗ್ಲೆಂಡಿನಲ್ಲೇ ಒಂದು ಹಳೆಯ ಸಾಕ್ಷಿ ಇದೆ. ಆಕ್ಸ್‌ಫರ್ಡಿನ ಬೋಡ್ಲಿಯನ್ ಲೈಬ್ರರಿ ಕಟ್ಟಿದ ಸರ್ ಥಾಮಸ್ ಬೋಡ್ಲಿ 1610ರಲ್ಲಿ ಲಂಡನ್ನಿನ ಮುದ್ರಕರ ಸಂಘದ ಜೊತೆ ಒಂದು ಒಪ್ಪಂದ ಮಾಡಿಕೊಂಡರು. ಅಚ್ಚಾದ ಪ್ರತಿ ಪುಸ್ತಕದ ಒಂದು ಪ್ರತಿ ತಮ್ಮ ಲೈಬ್ರರಿಗೆ ಬರಬೇಕು ಅಂತ. ಎಂಥ ದೂರದೃಷ್ಟಿ! ಆದರೆ ಬಂದದ್ದನ್ನೆಲ್ಲ ಇಟ್ಟುಕೊಳ್ಳಲು ಅವರಿಗೇ ಮನಸ್ಸಿರಲಿಲ್ಲ. ನಾಟಕ, ಪಂಚಾಂಗ, ದಿನಾ ಅಚ್ಚಾಗುವ ಸಣ್ಣಪುಟ್ಟ ಪುಸ್ತಕಗಳೆಲ್ಲ ಅವರ ಲೆಕ್ಕದಲ್ಲಿ ಕಸ. ಅಂಥವನ್ನು ಕಪಾಟಿಗೆ ಸೇರಿಸಬೇಡ ಅಂತ ತಮ್ಮ ಲೈಬ್ರರಿಯನ್ನಿಗೆ ಕಾಗದ ಬರೆದರು. ಅದು 1612. ಶೇಕ್ಸ್‌ಪಿಯರ್ ಇನ್ನೂ ಬದುಕಿದ್ದ ಕಾಲ.

1623ರಲ್ಲಿ ಶೇಕ್ಸ್‌ಪಿಯರನ 36 ನಾಟಕಗಳು ಒಟ್ಟಾಗಿ ಅಚ್ಚಾದವು. ಅದಕ್ಕೆ ಫಸ್ಟ್ ಫೋಲಿಯೊ ಅನ್ನುತ್ತಾರೆ. ಅದರಲ್ಲಿ ಅರ್ಧದಷ್ಟು ನಾಟಕಗಳು ಅದಕ್ಕೆ ಮುಂಚೆ ಅಚ್ಚಾಗಿಯೇ ಇರಲಿಲ್ಲ. 'ಮ್ಯಾಕ್‌ಬೆತ್' ಕೂಡ ಅದರಲ್ಲೇ ಮೊದಲು ಬಂದದ್ದು. ಬೋಡ್ಲಿ ತೀರಿಕೊಂಡು ಹತ್ತು ವರ್ಷವಾಗಿತ್ತು. ಪುಸ್ತಕ ಲೈಬ್ರರಿಗೆ ಬಂತು, ರಟ್ಟು ಕಟ್ಟಿಸಿ ಕಪಾಟಿನಲ್ಲಿ ಸರಪಳಿ ಹಾಕಿ ಇಟ್ಟರು. ಆದರೆ 1660ರ ದಶಕದಲ್ಲಿ ಮೂರನೇ ಆವೃತ್ತಿ ಕೈಗೆ ಬಂದಾಗ, ಹೊಸದು ಇರುವಾಗ ಹಳೆಯದು ಯಾಕೆ ಅಂತ ಮೊದಲಿನದನ್ನು ಹೊರಗೆ ಸಾಗಹಾಕಿದರು. 1905ರಲ್ಲಿ ಒಬ್ಬ ವಿದ್ಯಾರ್ಥಿ ಮನೆಯಲ್ಲಿದ್ದ ಹಳೆಯ ಪುಸ್ತಕವೊಂದರ ರಟ್ಟು ರಿಪೇರಿ ಬಗ್ಗೆ ಕೇಳಲು ಅದೇ ಲೈಬ್ರರಿಗೆ ಬಂದ. ಅಲ್ಲಿದ್ದವರು ರಟ್ಟು ನೋಡಿದರು. ಸರಪಳಿ ಹಾಕಿದ್ದ ಗುರುತು ನೋಡಿದರು. ಅದು ತಾವು ಕಳೆದುಕೊಂಡಿದ್ದ ಪ್ರತಿಯೇ! ಅಷ್ಟರಲ್ಲಿ ಅಮೆರಿಕದ ಶ್ರೀಮಂತರೊಬ್ಬರು 3,000 ಪೌಂಡ್ ಕೊಡುತ್ತೇನೆ ಅಂತ ಮುಂದೆ ಬಂದರು. ಲೈಬ್ರರಿಯವರು ಊರೆಲ್ಲ ಚಂದಾ ಎತ್ತಿ, ಅಷ್ಟೇ ದುಡ್ಡು ಕೊಟ್ಟು, 1906ರಲ್ಲಿ ತಮ್ಮ ಪುಸ್ತಕವನ್ನು ತಾವೇ ಕೊಂಡುಕೊಂಡರು.

ಈ ಪ್ರಸಂಗ ನೆನಪಾದಾಗಲೆಲ್ಲ ನನಗೆ ಆ ಕಾಲದವರ ಮೇಲೆ ಸಿಟ್ಟು ಬರುವುದಿಲ್ಲ. ಅವರ ಜಾಗದಲ್ಲಿ ಯಾರಿದ್ದರೂ ಹಾಗೇ ಮಾಡುತ್ತಿದ್ದರು. ಅದಕ್ಕೇ ಈ ವಿಷಯವನ್ನು ಒಬ್ಬೊಬ್ಬರ ಅಭಿರುಚಿಗೆ ಬಿಡಬಾರದು, ಕಾನೂನೇ ಬೇಕು. ಈಗ ಬ್ರಿಟನ್ನಿನಲ್ಲಿ ಅಂಥ ಕಾನೂನು ಇದೆ. ಪ್ರಕಾಶಕರು ಪುಸ್ತಕ ಹೊರಬಂದ ಒಂದು ತಿಂಗಳೊಳಗೆ ಒಂದು ಪ್ರತಿಯನ್ನು ಬ್ರಿಟಿಷ್ ಲೈಬ್ರರಿಗೆ ಪುಕ್ಕಟೆ ಕೊಡಬೇಕು. ಬೇರೆ ಐದು ಲೈಬ್ರರಿಗಳು ಕೇಳಿದರೆ ಅವಕ್ಕೂ ಕೊಡಬೇಕು. ನೊಬೆಲ್ ಬಂದ ಲೇಖಕನ ಪುಸ್ತಕವೂ ಬರುತ್ತದೆ, ರೈಲಿನಲ್ಲಿ ಓದಿ ಸೀಟಿನ ಮೇಲೆ ಬಿಟ್ಟುಹೋಗುವ ಪುಸ್ತಕವೂ ಬರುತ್ತದೆ. ಎರಡಕ್ಕೂ ಒಂದೊಂದು ನಂಬರ್, ಒಂದೊಂದು ಜಾಗ. ಬ್ರಿಟಿಷ್ ಲೈಬ್ರರಿ ಅನ್ನುವ ಸಂಸ್ಥೆ ಹುಟ್ಟಿದ್ದು 1973ರಲ್ಲಿ. ಅದಕ್ಕೂ ಮುಂಚೆ ಇದೇ ಕೆಲಸವನ್ನು ಬ್ರಿಟಿಷ್ ಮ್ಯೂಸಿಯಂ ಲೈಬ್ರರಿ ಮಾಡುತ್ತಿತ್ತು. ಫಾರ್ಜನ್ ಕಾದಂಬರಿಗಳು ಅಲ್ಲಿಗೆ ಬಂದು ಕೂತಿದ್ದು ಹಾಗೆ.

ಹಾಗಾದರೆ ಜನ ಓದುತ್ತಿದ್ದ ಪುಸ್ತಕಗಳು ಮರೆಯಾಗಿದ್ದು ಹೇಗೆ? ಚೆನ್ನಾಗಿಲ್ಲದ್ದಕ್ಕೆ ಹೋದವು ಅಂತ ನಾವು ಸುಲಭವಾಗಿ ಅಂದುಕೊಂಡುಬಿಡುತ್ತೇವೆ. ಕಾಲ ಜರಡಿ ಹಿಡಿಯುತ್ತದೆ, ಗಟ್ಟಿ ಕಾಳು ಉಳಿಯುತ್ತದೆ ಅನ್ನುವ ನಂಬಿಕೆ ನಮ್ಮದು. ಈ ಕಾದಂಬರಿಗಳ ಹಿಂದಿನ ಕಥೆ ನೋಡಿದರೆ ಆ ನಂಬಿಕೆ ನಿಲ್ಲುವುದಿಲ್ಲ.

1930ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಒಂದು ಹೊಸ ಕಾದಂಬರಿಯ ಬೆಲೆ ಏಳೂವರೆ ಶಿಲಿಂಗ್. ಅಂದರೆ 90 ಪೆನ್ಸ್. ಸಾಮಾನ್ಯ ಜನ ಅಷ್ಟು ಕೊಟ್ಟು ಕೊಳ್ಳುತ್ತಿರಲಿಲ್ಲ, ಬಾಡಿಗೆಗೆ ತಂದು ಓದುತ್ತಿದ್ದರು. ಬೀದಿ ಬದಿಯ ಚಿಕ್ಕ ಅಂಗಡಿಗಳಲ್ಲಿ ಎರಡು ಪೆನ್ಸ್ ಕೊಟ್ಟರೆ ಪುಸ್ತಕ ಸಿಗುತ್ತಿತ್ತು. ಅವಕ್ಕೆ ಹೆಸರೇ ಎರಡು ಪೆನ್ಸಿನ ಲೈಬ್ರರಿ. ಸ್ವಲ್ಪ ಅನುಕೂಲಸ್ಥರು ಬೂಟ್ಸ್ ಅನ್ನುವ ಔಷಧಿ ಅಂಗಡಿಗೆ ಹೋಗುತ್ತಿದ್ದರು. ಹೌದು, ಔಷಧಿ ಅಂಗಡಿಗೇ. ಅದರ ಶಾಖೆಗಳಲ್ಲಿ ಬಾಡಿಗೆ ಲೈಬ್ರರಿ ಇರುತ್ತಿತ್ತು. ಅಲ್ಲಿನ ಪುಸ್ತಕಗಳಿಗೆ ಹಸಿರು ಗುರಾಣಿಯಂಥ ಚೀಟಿ ಅಂಟಿಸಿರುತ್ತಿದ್ದರು, ಸದಸ್ಯರ ಬಿಲ್ಲೆ ಸಿಕ್ಕಿಸಲು ಬೆನ್ನಿನ ಮೇಲ್ತುದಿಯಲ್ಲಿ ಒಂದು ತೂತು ಇರುತ್ತಿತ್ತು. ಪತ್ತೇದಾರಿ ಕಾದಂಬರಿಗಳು ಜಾಸ್ತಿ ಮಾರಾಟವಾಗುತ್ತಿದ್ದುದೇ ಇಂಥ ಲೈಬ್ರರಿಗಳಿಗೆ. ಒಂದೊಂದು ಪ್ರತಿಯೂ ಹತ್ತಾರು ಕೈ ದಾಟುತ್ತಿತ್ತು. ಹಾಳೆ ಕಿತ್ತುಬಂದ ಮೇಲೆ ರದ್ದಿಗೆ ಹೋಗುತ್ತಿತ್ತು. ಮನೆಯ ಕಪಾಟಿನಲ್ಲಿ ಮಾತ್ರ ಒಂದೂ ಉಳಿಯುತ್ತಿರಲಿಲ್ಲ. ಜನ ಜಾಸ್ತಿ ಓದಿದ್ದಕ್ಕೇ ಪುಸ್ತಕ ಇಲ್ಲವಾಯಿತು ಅಂದರೆ ನಂಬುವುದು ಕಷ್ಟ, ಆದರೆ ನಡೆದದ್ದು ಹಾಗೆ. ಬೂಟ್ಸ್ ತನ್ನ ಲೈಬ್ರರಿಯನ್ನು 1966ರಲ್ಲಿ ಮುಚ್ಚಿತು.

ಇನ್ನೊಂದು ಏಟು ಬಿದ್ದದ್ದು ಆಕಾಶದಿಂದ. 1940ರ ಡಿಸೆಂಬರ್ 29ರ ರಾತ್ರಿ ಜರ್ಮನ್ ವಿಮಾನಗಳು ಲಂಡನ್ ಮೇಲೆ ಬೆಂಕಿ ಬಾಂಬ್ ಸುರಿದವು. ಸೇಂಟ್ ಪಾಲ್ಸ್ ಚರ್ಚಿನ ಪಕ್ಕದ ಪೇಟರ್‌ನಾಸ್ಟರ್ ರೋ ಅನ್ನುವ ಬೀದಿ ಇಂಗ್ಲಿಷ್ ಪ್ರಕಾಶಕರ ತವರು. ಒಂದೇ ರಾತ್ರಿಯಲ್ಲಿ ಅದು ಸುಟ್ಟು ಬೂದಿಯಾಯಿತು. ಐವತ್ತು ಲಕ್ಷ ಪುಸ್ತಕಗಳಾದರೂ ಸುಟ್ಟುಹೋದವು ಅನ್ನುವುದು ಅಂದಾಜು. ಅದೇ ವರ್ಷದಿಂದ ಕಾಗದಕ್ಕೆ ರೇಷನ್ ಬಂದಿತ್ತು. ಅದು 1949ರವರೆಗೂ ಇತ್ತು. ಹಳೆಯ ಪ್ರತಿ ಸುಟ್ಟಿದೆ, ಹೊಸದಾಗಿ ಅಚ್ಚು ಹಾಕಲು ಕಾಗದವಿಲ್ಲ. ಇಂಥ ಹೊತ್ತಿನಲ್ಲಿ ಪ್ರಕಾಶಕರು ಏನು ಮಾಡುತ್ತಾರೆ? ಖಂಡಿತ ಮಾರಾಟವಾಗುವ ನಾಲ್ಕು ಹೆಸರು ಹಿಡಿದುಕೊಳ್ಳುತ್ತಾರೆ, ಮಿಕ್ಕವರನ್ನು ಕೈಬಿಡುತ್ತಾರೆ. ಅಗಾಥಾ ಕ್ರಿಸ್ಟಿ ಉಳಿದರು. ಅವರ ಪಕ್ಕದಲ್ಲೇ ಕೂತು ಬರೆಯುತ್ತಿದ್ದ ಹತ್ತಾರು ಜನ ಮೂಲೆಗುಂಪಾದರು.

ಲೈಬ್ರರಿಗೂ ಪೆಟ್ಟು ಬೀಳದೆ ಇರಲಿಲ್ಲ. 1941ರ ಮೇ 10ರ ರಾತ್ರಿ ಬ್ರಿಟಿಷ್ ಮ್ಯೂಸಿಯಂ ಮೇಲೆ ಬಾಂಬ್ ಬಿದ್ದು ಎರಡು ಲಕ್ಷಕ್ಕೂ ಜಾಸ್ತಿ ಪುಸ್ತಕ ನಾಶವಾದವು. ಅವುಗಳ ಹೆಸರನ್ನು ಕ್ಯಾಟಲಾಗಿನಿಂದ ತೆಗೆದುಹಾಕಲಿಲ್ಲ. ನಂಬರಿನ ಮುಂದೆ ಡಿ ಅನ್ನುವ ಒಂದು ಅಕ್ಷರ ಸೇರಿಸಿದರು. ಡಿ ಇದ್ದರೆ ಪುಸ್ತಕ ನಾಶವಾಗಿದೆ ಅಂತ. ಇಲ್ಲವಾದದ್ದಕ್ಕೂ ಒಂದು ಲೆಕ್ಕ ಇಟ್ಟವರ ಮೇಲೆ ನನಗೆ ಹೇಳಲಾರದಷ್ಟು ಗೌರವ.

ಈಗ ಒಬ್ಬ ಲೇಖಕಿಯ ವಿಷಯ ಹೇಳಬೇಕು. ಮೇವಿಸ್ ಡೋರಿಯಲ್ ಹೇ. 1894ರಲ್ಲಿ ಹುಟ್ಟಿದರು. 1934, 1935, 1936 ಅಂತ ವರ್ಷಕ್ಕೊಂದರಂತೆ ಮೂರು ಪತ್ತೇದಾರಿ ಕಾದಂಬರಿ ಬರೆದರು. ಆಮೇಲೆ ಕಾದಂಬರಿ ನಿಲ್ಲಿಸಿದರು. ಹಳ್ಳಿಯ ಕೈಕಸುಬುಗಳ ಕಡೆ, ಅದರಲ್ಲೂ ಕೌದಿ ಹೊಲಿಯುವ ಕಲೆಯ ಕಡೆ ಹೊರಳಿ, ಅದರ ಬಗ್ಗೆ ಬರೆದರು. ಯುದ್ಧದ ಕಾಲದಲ್ಲಿ, 1943ರಲ್ಲಿ, ಗಂಡ ವಿಮಾನ ಅಪಘಾತದಲ್ಲಿ ತೀರಿಕೊಂಡರು. 1979ರಲ್ಲಿ ಇವರೂ ತೀರಿಕೊಳ್ಳುವ ಹೊತ್ತಿಗೆ ಇವರು ಕಾದಂಬರಿ ಬರೆದಿದ್ದರು ಅನ್ನುವುದೇ ಬಹುತೇಕ ಯಾರಿಗೂ ಗೊತ್ತಿರಲಿಲ್ಲ.

ಇವರ ಎರಡನೇ ಕಾದಂಬರಿ 'ಡೆತ್ ಆನ್ ದ ಚರ್ವೆಲ್'. ಆಕ್ಸ್‌ಫರ್ಡಿನ ಒಂದು ಹೆಣ್ಣುಮಕ್ಕಳ ಕಾಲೇಜು. ಕಾಲೇಜಿನ ಹೆಸರು ಮಾತ್ರ ಕಲ್ಪನೆಯದು. ಜನವರಿಯ ಚಳಿಯಲ್ಲಿ ನಾಲ್ಕು ಹುಡುಗಿಯರು ನದಿ ದಂಡೆಯ ದೋಣಿಮನೆಯ ಚಾವಣಿ ಮೇಲೆ ಹತ್ತಿ ಕೂತಿದ್ದಾರೆ. ಕಾಲೇಜಿನ ಹಣಕಾಸು ನೋಡಿಕೊಳ್ಳುವ ಮೇಡಂ ಕಂಡರೆ ಇವರಿಗೆ ಆಗುವುದಿಲ್ಲ. ಆಕೆಗೆ ಶಾಪ ಹಾಕಲೆಂದೇ ಒಂದು ಗುಟ್ಟಿನ ಸಂಘ ಕಟ್ಟುತ್ತಿದ್ದಾರೆ. ಅಷ್ಟರಲ್ಲಿ ನದಿಯಲ್ಲಿ ಒಂದು ಪುಟ್ಟ ದೋಣಿ ತೇಲಿಕೊಂಡು ಬರುತ್ತದೆ. ಅದರಲ್ಲಿ ಅದೇ ಮೇಡಂ ಮಲಗಿದ್ದಾರೆ. ಸತ್ತಿದ್ದಾರೆ. ಸತ್ತದ್ದು ನೀರಿನಲ್ಲಿ ಮುಳುಗಿ. ಆದರೆ ಹೆಣ ಇರುವುದು ದೋಣಿಯೊಳಗೆ!

ಕೊಲೆಗಾರ ಯಾರು ಅನ್ನುವುದಕ್ಕಿಂತ ಆ ಹುಡುಗಿಯರ ಮಾತು ನನ್ನನ್ನು ಹಿಡಿದಿಟ್ಟಿತು. ಕಾಲೇಜಿನ ಗೇಟು ಎಷ್ಟು ಹೊತ್ತಿಗೆ ಮುಚ್ಚುತ್ತದೆ, ಯಾರ ಜೊತೆ ಹೊರಗೆ ಹೋಗಬಹುದು, ಪೇಪರಿನವರು ಬಂದರೆ ಕಾಲೇಜಿನ ಮರ್ಯಾದೆ ಏನಾಗುತ್ತದೆ ಅನ್ನುವ ಚಿಂತೆ ಕಥೆಯ ಉದ್ದಕ್ಕೂ ಹರಿಯುತ್ತದೆ. ಹೇ 1913ರಿಂದ 1916ರವರೆಗೆ ಆಕ್ಸ್‌ಫರ್ಡಿನ ಸೇಂಟ್ ಹಿಲ್ಡಾಸ್‌ನಲ್ಲಿ ಓದಿದವರು. ಆಗ ಹೆಣ್ಣುಮಕ್ಕಳು ಅಲ್ಲಿ ಪಾಠ ಕೇಳಬಹುದಿತ್ತು, ಪರೀಕ್ಷೆ ಬರೆಯಬಹುದಿತ್ತು, ಡಿಗ್ರಿ ಮಾತ್ರ ಕೊಡುತ್ತಿರಲಿಲ್ಲ. ಡಿಗ್ರಿ ಕೊಡಲು ಶುರುವಾದದ್ದು 1920ರಲ್ಲಿ. ಅಂದರೆ ಕಾದಂಬರಿ ಬಂದಾಗ ಹದಿನೈದೇ ವರ್ಷ ಕಳೆದಿತ್ತು. ಸಿಕ್ಕಿದ ಜಾಗ ಯಾವಾಗ ಕೈತಪ್ಪುತ್ತದೋ ಅನ್ನುವ ಅಳುಕು ಆ ಕಾಲೇಜಿನ ಗೋಡೆಗಳಲ್ಲೇ ಇದೆ. ಇತಿಹಾಸದ ಪುಸ್ತಕ 1920 ಅನ್ನುವ ಇಸವಿಯನ್ನು ಕೊಡುತ್ತದೆ. ಆಮೇಲಿನ ಅಳುಕು ಹೇಗಿತ್ತು ಅಂತ ತಿಳಿಯಬೇಕಾದರೆ ಇಂಥ ಕಾದಂಬರಿಗೇ ಬರಬೇಕು.

ಅದೇ 1935ರಲ್ಲಿ ಆಕ್ಸ್‌ಫರ್ಡಿನ ಹೆಣ್ಣುಮಕ್ಕಳ ಕಾಲೇಜಿನಲ್ಲೇ ನಡೆಯುವ ಇನ್ನೊಂದು ಪತ್ತೇದಾರಿ ಕಾದಂಬರಿ ಬಂತು. ಡೊರೊಥಿ ಸೇಯರ್ಸ್ ಬರೆದ 'ಗಾಡಿ ನೈಟ್'. ಅದು ಇವತ್ತಿಗೂ ಅಂಗಡಿಯಲ್ಲಿದೆ. ಅದು ದೊಡ್ಡ ಕೃತಿ, ಒಪ್ಪುತ್ತೇನೆ. ಆದರೆ ಎರಡನ್ನೂ ಒಟ್ಟಿಗೆ ಓದಿದರೆ ಆ ಲೋಕ ಇನ್ನಷ್ಟು ತುಂಬಿಕೊಳ್ಳುತ್ತದೆ. ಒಂದು ಕಲಿಸುವವರ ಕಡೆಯಿಂದ ನೋಡುತ್ತದೆ, ಇನ್ನೊಂದು ಕಲಿಯುವವರ ಕಡೆಯಿಂದ.

ಹೇ ಪುಸ್ತಕಗಳನ್ನು ಮತ್ತೆ ಅಚ್ಚು ಹಾಕುವುದು ಸುಮ್ನೆ ಮಾತಲ್ಲ. ಬ್ರಿಟನ್ನಿನಲ್ಲಿ ಲೇಖಕರು ಸತ್ತ ಮೇಲೂ 70 ವರ್ಷ ಕಾಪಿರೈಟ್ ಇರುತ್ತದೆ. ಹೇ ತೀರಿಕೊಂಡದ್ದು 1979ರಲ್ಲಿ ಅಂದರೆ 2049ರ ಕೊನೆಯವರೆಗೂ ಹಕ್ಕು ಅವರ ಕಡೆಯವರದ್ದು. ಲೈಬ್ರರಿಯಲ್ಲಿ ಪುಸ್ತಕ ಇದೆ ಅಂದ ಮಾತ್ರಕ್ಕೆ ಅಚ್ಚು ಹಾಕುವ ಹಕ್ಕು ಇರುವುದಿಲ್ಲ. ವಾರಸುದಾರರನ್ನು ಹುಡುಕಬೇಕು. ಹಳೆಯ ಪ್ರಕಾಶನ ಸಂಸ್ಥೆ ಮುಚ್ಚಿಹೋಗಿರುತ್ತದೆ, ಮಕ್ಕಳಿಲ್ಲದೆ ಹೋಗಿರುತ್ತಾರೆ, ದೂರದ ನೆಂಟರಿಗೆ ತಮ್ಮ ಮನೆತನದಲ್ಲಿ ಒಬ್ಬ ಲೇಖಕಿ ಇದ್ದರು ಅನ್ನುವುದೇ ಗೊತ್ತಿರುವುದಿಲ್ಲ. ಉಯಿಲು, ಜನನ ಮರಣದ ದಾಖಲೆ ಇಂಥವನ್ನು ಹಿಡಿದು ಮನೆ ಬಾಗಿಲಿಗೆ ಹೋಗುವ ಕೆಲಸ ಅದು. ವಾರಸುದಾರರು ಸಿಗದೆ ಹೋದರೆ ಎಷ್ಟೇ ಒಳ್ಳೆಯ ಪುಸ್ತಕವಾದರೂ ಕಪಾಟಿನಲ್ಲೇ ಕೂತಿರುತ್ತದೆ.

ಲೇಖಕರು ಯಾರು ಅನ್ನುವುದೇ ಗೊತ್ತಿಲ್ಲದ ಪುಸ್ತಕಗಳೂ ಇವೆ. ಈ ಮಾಲೆಯ ಶುರುವಿನಲ್ಲೇ ಬಂದ 'ದ ನಾಟಿಂಗ್ ಹಿಲ್ ಮಿಸ್ಟರಿ' ಅಂಥದ್ದು. 1862-63ರಲ್ಲಿ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಇಂಗ್ಲಿಷಿನ ಮೊದಲ ಪತ್ತೇದಾರಿ ಕಾದಂಬರಿ ಇದೇ ಅಂತ ವಾದಿಸುವವರಿದ್ದಾರೆ. ವಿಮೆ ಕಂಪನಿಯ ಕಡೆಯ ಒಬ್ಬ ತನಿಖೆದಾರ ಕಾಗದ, ಹೇಳಿಕೆ, ಡೈರಿ ಎಲ್ಲ ಒಟ್ಟುಮಾಡಿ ಒಂದು ಸಾವಿನ ಜಾಡು ಹಿಡಿಯುತ್ತಾನೆ. ಕೊಲೆ ನಡೆದ ಜಾಗದ ನಕ್ಷೆಯೂ ಪುಸ್ತಕದಲ್ಲಿದೆ. ಬರೆದವರ ಹೆಸರು ಚಾರ್ಲ್ಸ್ ಫೀಲಿಕ್ಸ್ ಅಂತ ಇತ್ತು, ಅದು ಸುಳ್ಳು ಹೆಸರು. ನೂರೈವತ್ತು ವರ್ಷ ಯಾರು ಅಂತ ತಿಳಿಯಲಿಲ್ಲ. ಕೊನೆಗೆ ಅದನ್ನು ಬಿಡಿಸಿದವರು ಅಮೆರಿಕದ ಲೇಖಕ ಪಾಲ್ ಕಾಲಿನ್ಸ್. 1864ರ ಮ್ಯಾಂಚೆಸ್ಟರ್ ಪತ್ರಿಕೆಯೊಂದರ ಸಾಹಿತ್ಯ ಸುದ್ದಿಯ ಅಂಕಣದಲ್ಲಿ ಒಂದೆರಡು ಸಾಲು ಇತ್ತು. ಫೀಲಿಕ್ಸ್ ಅಂದರೆ ಪ್ರಕಾಶಕ ಚಾರ್ಲ್ಸ್ ವಾರೆನ್ ಆಡಮ್ಸ್ ಅಂತ. ಓದಿ ಬಿಸಾಡುವ ಪತ್ರಿಕೆಯನ್ನೂ ಯಾರೋ ಎತ್ತಿಟ್ಟಿದ್ದರು. ಇಲ್ಲದಿದ್ದರೆ ಆ ಹೆಸರು ಇವತ್ತಿಗೂ ಸಿಗುತ್ತಿರಲಿಲ್ಲ.

ನನ್ನ ಮೆಚ್ಚಿನ ಹೆಸರು ಇ.ಸಿ.ಆರ್. ಲೊರಾಕ್. ನಿಜವಾದ ಹೆಸರು ಈಡಿತ್ ಕ್ಯಾರೊಲಿನ್ ರಿವೆಟ್. ಎರಡು ಹೆಸರಿನಲ್ಲಿ ಸುಮಾರು 70 ಕಾದಂಬರಿ ಬರೆದರು. 1958ರಲ್ಲಿ ತೀರಿಕೊಂಡರು. ಅವರ ಯುದ್ಧಕಾಲದ ಕಾದಂಬರಿಗಳನ್ನು ಓದಬೇಕು. 1945ರ 'ಮರ್ಡರ್ ಬೈ ಮ್ಯಾಚ್‌ಲೈಟ್'ನಲ್ಲಿ ಒಬ್ಬ ಯುವಕ ರಾತ್ರಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಬೆಂಚಿನ ಮೇಲೆ ಕೂತಿದ್ದಾನೆ. ಎಲ್ಲ ಕಡೆ ಗವ್ವನೆ ಕತ್ತಲು. 1939ರ ಸೆಪ್ಟೆಂಬರಿನಿಂದ ಊರಿನಲ್ಲಿ ಬೀದಿ ದೀಪವಿಲ್ಲ, ಕಿಟಕಿಗಳಿಗೆ ಕಪ್ಪು ಪರದೆ, ವಿಮಾನಕ್ಕೆ ಒಂದು ಚೂರೂ ಬೆಳಕು ಕಾಣಬಾರದು ಅಂತ. ಹತ್ತಿರದ ಕಾಲುಸೇತುವೆ ಮೇಲೆ ಯಾರೋ ಬೆಂಕಿಕಡ್ಡಿ ಗೀರುತ್ತಾರೆ. ಆ ಒಂದು ಕ್ಷಣದ ಬೆಳಕಿನಲ್ಲಿ ಕಡ್ಡಿ ಹಿಡಿದವನ ಮುಖ ಕಾಣುತ್ತದೆ. ಅವನ ಹಿಂದೆ ಇನ್ನೊಂದು ಮುಖವೂ ಕಾಣುತ್ತದೆ. ಕಡ್ಡಿ ಆರುತ್ತದೆ. ಧಪ್ ಅಂತ ಶಬ್ದ.

ಇಡೀ ಕಾದಂಬರಿಯ ಸಾಕ್ಷಿ ಅಂದರೆ ಆ ಒಂದು ಕ್ಷಣದ ಬೆಳಕು, ಅಷ್ಟೇ. ಯುದ್ಧ ಮುಗಿದ ಎಷ್ಟೋ ವರ್ಷದ ಮೇಲೆ ಬರೆದಿದ್ದರೆ ಆ ಕತ್ತಲೆಯನ್ನು ಲೇಖಕರು ವಿವರಿಸುತ್ತಿದ್ದರು, ವರ್ಣಿಸುತ್ತಿದ್ದರು. ಲೊರಾಕ್ ವರ್ಣಿಸುವುದಿಲ್ಲ. ಓದುವವರ ಮನೆಯ ಕಿಟಕಿಗೂ ಅದೇ ಪರದೆ ಇತ್ತಲ್ವಾ? ಹಾಗಾಗಿ ಅದು ಕಥೆಯೊಳಗೆ ಸುಮ್ಮನೆ ಇದೆ, ಹವಾಮಾನದ ಹಾಗೆ. ಯಾರು ಎಷ್ಟು ಹೊತ್ತಿಗೆ ಎಲ್ಲಿದ್ದರು ಅಂತ ಪೊಲೀಸರು ಕೇಳಿದರೆ, ಕತ್ತಲಲ್ಲಿ ಏನೂ ಕಾಣಲಿಲ್ಲ ಅನ್ನುವುದೇ ಎಲ್ಲರ ಉತ್ತರ. 1944ರ 'ಚೆಕ್‌ಮೇಟ್ ಟು ಮರ್ಡರ್'ನಲ್ಲೂ ಹೀಗೇ. ಮಂಜು ಮುಸುಕಿದ ರಾತ್ರಿ, ಒಂದು ಸ್ಟುಡಿಯೊ. ಚಿತ್ರಕಾರ ಚಿತ್ರ ಬಿಡಿಸುತ್ತಿದ್ದಾನೆ, ಇಬ್ಬರು ಚೆಸ್ ಆಡುತ್ತಿದ್ದಾರೆ, ಪಕ್ಕದ ಮನೆಯಲ್ಲಿ ಒಬ್ಬ ಜಿಪುಣ ಮುದುಕ ಹೆಣವಾಗಿದ್ದಾನೆ. ಒಳಗಿನ ಬೆಳಕು ಹೊರಗೆ ಕಾಣದಂತೆ ನೋಡಿಕೊಳ್ಳುವುದು ಆ ರಾತ್ರಿಯೂ ಎಲ್ಲರ ತಲೆನೋವು. ದೊಡ್ಡ ಸಾಹಿತ್ಯ ಎಲ್ಲ ಕಾಲಕ್ಕೂ ಸಲ್ಲಬೇಕು ಅಂತ ಬರೆಯುತ್ತದೆ. ಈ ಕಾದಂಬರಿಗಳು ಆ ವಾರ ಬಾಡಿಗೆಗೆ ತಂದವರಿಗೆ ಅಂತ ಬರೆದವು. ಆ ವಾರದ ಬದುಕು ಇವುಗಳಲ್ಲಿ ಹಾಗೇ ಉಳಿದಿರುವುದಕ್ಕೆ ಅದೇ ಕಾರಣ ಅಂತ ನನ್ನ ನಂಬಿಕೆ.

ಲೊರಾಕ್ ತೀರಿಕೊಂಡಾಗ ಅಚ್ಚಾಗದ ಒಂದು ಹಸ್ತಪ್ರತಿ ಉಳಿದಿತ್ತು. 'ಟೂ-ವೇ ಮರ್ಡರ್'. ಅದನ್ನು ಬ್ರಿಟಿಷ್ ಲೈಬ್ರರಿ 2021ರಲ್ಲಿ ಪ್ರಕಟಿಸಿತು. ಲೇಖಕಿ ಹೋಗಿ ಅರವತ್ತು ವರ್ಷ ಕಳೆದ ಮೇಲೆ ಅವರ ಹೊಸ ಕಾದಂಬರಿ!

ಈ ಪುಸ್ತಕಗಳ ಮುಖಪುಟದ ಬಗ್ಗೆ ಒಂದು ಮಾತು. ಹೆಚ್ಚಿನವಕ್ಕೆ ಹಳೆಯ ರೈಲ್ವೆ ಪೋಸ್ಟರುಗಳ ಚಿತ್ರ ಬಳಸಿದ್ದಾರೆ. ಸಮುದ್ರ ದಂಡೆ, ಬೆಟ್ಟ, ಸೇತುವೆ, ಗಟ್ಟಿ ಬಣ್ಣಗಳು. ಸ್ಟೇಷನ್ ಗೋಡೆಗೆ ಅಂಟಿಸಿ, ಹರಿದು, ಮೇಲೆ ಇನ್ನೊಂದು ಅಂಟಿಸುತ್ತಿದ್ದ ಕಾಲದ ಕಲೆ ಅದು. ಅದೂ ಮರೆತುಹೋಗಿತ್ತು. ಒಂದು ಮರೆತ ಕಥೆಗೆ ಒಂದು ಮರೆತ ಚಿತ್ರ ಜೊತೆಯಾಯಿತು. ಜನ ಮೊದಲು ಕೈಗೆತ್ತಿಕೊಂಡದ್ದು ಆ ಮುಖಪುಟ ನೋಡಿಯೇ ಇರಬೇಕು. ಅದರಲ್ಲಿ ತಪ್ಪೇನಿಲ್ಲ. ಒಳಗೆ ಮಾರ್ಟಿನ್ ಎಡ್ವರ್ಡ್ಸ್ ಬರೆದ ಮುನ್ನುಡಿ ಇರುತ್ತದೆ. ಸ್ವತಃ ಪತ್ತೇದಾರಿ ಕಾದಂಬರಿಕಾರರು, ಈ ಮಾಲೆಯ ಸಲಹೆಗಾರರು. ಲೇಖಕರು ಯಾರು, ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು, ಯಾಕೆ ಮರೆಯಾದರು ಅನ್ನುವುದನ್ನು ನಾಲ್ಕಾರು ಪುಟದಲ್ಲಿ ಹೇಳುತ್ತಾರೆ.

ಅಲ್ಲಿ ಎಂಥೆಂಥ ಜನ ಸಿಗುತ್ತಾರೆ! ಫ್ರೀಮನ್ ವಿಲ್ಸ್ ಕ್ರಾಫ್ಟ್ಸ್ ಐರ್ಲೆಂಡಿನ ರೈಲ್ವೆ ಎಂಜಿನಿಯರ್. ರೇಮಂಡ್ ಪೋಸ್ಟ್‌ಗೇಟ್ ಕಾರ್ಮಿಕ ಚಳವಳಿಯ ಇತಿಹಾಸಕಾರ. 1940ರಲ್ಲಿ 'ವರ್ಡಿಕ್ಟ್ ಆಫ್ ಟ್ವೆಲ್ವ್' ಬರೆದು, ಹನ್ನೆರಡು ಜೂರಿಗಳ ಹಿಂದಿನ ಬದುಕು ಅವರ ತೀರ್ಪನ್ನು ಹೇಗೆ ಎಳೆಯುತ್ತದೆ ಅಂತ ತೋರಿಸಿದರು. ಮತ್ತೆ ಕ್ರಿಸ್ಟೊಫರ್ ಸೇಂಟ್ ಜಾನ್ ಸ್ಪ್ರಿಗ್. 1934ರಲ್ಲಿ 'ಡೆತ್ ಆಫ್ ಆನ್ ಏರ್‌ಮನ್' ಅನ್ನುವ, ವಿಮಾನ ಕ್ಲಬ್ಬಿನಲ್ಲಿ ನಡೆಯುವ ಚುರುಕಾದ ಕಾದಂಬರಿ ಬರೆದರು. ಆಮೇಲೆ ಆಂಬುಲೆನ್ಸ್ ಓಡಿಸಿಕೊಂಡು, ಅಂತರ್ಯುದ್ಧ ನಡೆಯುತ್ತಿದ್ದ ಸ್ಪೇನಿಗೆ ಹೋಗಿ, ಸರ್ಕಾರದ ಮೇಲೆ ಬಂಡೆದ್ದ ಫ್ರಾಂಕೊ ಸೈನ್ಯದ ವಿರುದ್ಧ ಬಂದೂಕು ಹಿಡಿದು, 1937ರ ಫೆಬ್ರವರಿಯಲ್ಲಿ ಹರಾಮಾ ಕಾಳಗದಲ್ಲಿ ಸತ್ತರು. ಆಗ 29 ವರ್ಷ. ಮಾರ್ಕ್ಸ್‌ವಾದಿ ಸಾಹಿತ್ಯ ವಿಮರ್ಶೆ ಓದಿದವರಿಗೆ ಕ್ರಿಸ್ಟೊಫರ್ ಕಾಡ್ವೆಲ್ ಅನ್ನುವ ಹೆಸರು ಗೊತ್ತು. 'ಇಲ್ಯೂಷನ್ ಅಂಡ್ ರಿಯಾಲಿಟಿ' ಬರೆದವರು. ಆ ಕಾಡ್ವೆಲ್ ಮತ್ತು ಈ ಸ್ಪ್ರಿಗ್ ಒಬ್ಬರೇ. ಒಂದು ಹೆಸರು ಉಳಿಯಿತು, ನಗಿಸುತ್ತಾ ಬರೆದ ಇನ್ನೊಂದು ಹೆಸರು ಅಳಿಸಿಹೋಗಿತ್ತು.

ಎಲ್ಲವೂ ಚಿನ್ನ ಅಂತ ನಾನು ಹೇಳುವುದಿಲ್ಲ. ಕ್ರಾಫ್ಟ್ಸ್ ಕಾದಂಬರಿಗಳಲ್ಲಿ ರೈಲಿನ ವೇಳಾಪಟ್ಟಿಯ ಲೆಕ್ಕಾಚಾರ ಪುಟಗಟ್ಟಲೆ ನಡೆಯುತ್ತದೆ, ತಾಳ್ಮೆ ಬೇಕು. ಕೆಲವರ ಕಥೆಯಲ್ಲಿ ಕೊಲೆಗಾರ ಅರ್ಧದಲ್ಲೇ ಗೊತ್ತಾಗಿಬಿಡುತ್ತಾನೆ. ಇದಕ್ಕಿಂತ ಕಷ್ಟದ ವಿಷಯವೂ ಇದೆ. ಆ ಕಾಲದ ಬ್ರಿಟಿಷರ ಜನಾಂಗದ ಅಹಂಕಾರ, ಯಹೂದ್ಯರ ಬಗ್ಗೆ ಕೀಳು ಮಾತು, ಕೆಲಸದವರನ್ನು ಕಾಣುವ ರೀತಿ, ಬ್ರಿಟಿಷರ ವಸಾಹತುಗಳ ಜನರ ಬಗ್ಗೆ ಉಡಾಫೆ. ಓದುತ್ತಾ ಇದ್ದಕ್ಕಿದ್ದಂತೆ ಮೈ ಉರಿಯುತ್ತದೆ. ಇಂಥ ಮಾತು, ಇಂಥ ಧೋರಣೆ ಕೆಲವರಿಗೆ ನೋವಾಗಬಹುದು ಅಂತ ಲೈಬ್ರರಿ ಈ ಪುಸ್ತಕಗಳಲ್ಲಿ ಮೊದಲೇ ಒಂದು ಟಿಪ್ಪಣಿ ಹಾಕುತ್ತದೆ. ಅದು ಸರಿಯಾದ ದಾರಿ ಅಂತ ನನಗನ್ನಿಸುತ್ತದೆ. ಮುಚ್ಚಿಟ್ಟರೆ ಆ ಕಾಲ ನಿಜಕ್ಕಿಂತ ಸುಂದರವಾಗಿ ಕಾಣುತ್ತದೆ. ಒಳ್ಳೆಯ ಮನುಷ್ಯರೂ ಟೀ ಕುಡಿಯುತ್ತಾ ಎಂಥ ಮಾತನ್ನು ಸಲೀಸಾಗಿ ಆಡುತ್ತಿದ್ದರು ಅನ್ನುವುದೂ ಇತಿಹಾಸವೇ.

ಲೇಖಕಿಯರ ಮಾಲೆಯಲ್ಲಿ ಇ.ಎಚ್. ಯಂಗ್ ಅವರ 'ಚಾಟರ್ಟನ್ ಸ್ಕ್ವೇರ್' ಓದಿ ನಾನು ತುಂಬಾ ದಿನ ಅದರ ಗುಂಗಿನಲ್ಲಿದ್ದೆ. 1947ರ ಕಾದಂಬರಿ, ಕಥೆ ನಡೆಯುವುದು 1938ರಲ್ಲಿ. ಕೊಲೆಯಿಲ್ಲ. ಒಂದು ಚೌಕ, ಅಕ್ಕಪಕ್ಕದ ಮನೆಗಳು. ಒಂದು ಮನೆಯಲ್ಲಿ ತಾನೇ ಸರಿ ಅನ್ನುವ ಗಂಡ, ಅವನ ಮಾತಿಗೆಲ್ಲ ತಲೆಯಾಡಿಸುತ್ತಾ ಒಳಗೊಳಗೇ ಅವನನ್ನು ತಿರಸ್ಕರಿಸುವ ಹೆಂಡತಿ. ಇನ್ನೊಂದು ಮನೆಯಲ್ಲಿ ಗಂಡ ಬಿಟ್ಟುಹೋದ, ಮಕ್ಕಳ ಜೊತೆ ನಗುನಗುತ್ತಾ ಇರುವ ಹೆಂಗಸು. 1937ರಲ್ಲಿ ಕಾನೂನು ತಿದ್ದುಪಡಿ ಆಗುವವರೆಗೆ ಇಂಗ್ಲೆಂಡಿನಲ್ಲಿ ವಿಚ್ಛೇದನಕ್ಕೆ ಇದ್ದ ಮುಖ್ಯ ದಾರಿ ಹಾದರ ಸಾಬೀತು ಮಾಡುವುದು. ಆ ತಿದ್ದುಪಡಿಯಿಂದ ಕ್ರೌರ್ಯ, ಬಿಟ್ಟುಹೋಗುವುದು ಇವೂ ಕಾರಣಗಳಾದವು. ಕಾದಂಬರಿ ಕಾನೂನಿನ ಬಗ್ಗೆ ಭಾಷಣ ಮಾಡುವುದಿಲ್ಲ. ಅಂಥ ಹೆಂಗಸನ್ನು ಪಕ್ಕದ ಮನೆಯವನು ಕಿಟಕಿಯಿಂದ ಹೇಗೆ ನೋಡುತ್ತಾನೆ ಅಂತ ತೋರಿಸುತ್ತದೆ. ಯುದ್ಧ ತಪ್ಪಿಸಲು ಬ್ರಿಟನ್ ಹಿಟ್ಲರ್ ಜೊತೆ ಮಾಡಿಕೊಂಡ ಮ್ಯೂನಿಕ್ ಒಪ್ಪಂದವಾದಾಗ ಆ ಗಂಡ ಇನ್ನು ಯುದ್ಧವಿಲ್ಲ ಅಂತ ಖುಷಿಪಡುತ್ತಾನೆ. 1947ರ ಓದುಗರಿಗೆ ಮುಂದೇನಾಯಿತು ಅಂತ ಗೊತ್ತಿತ್ತು.

ಈ ಕಾದಂಬರಿಯನ್ನು 1980ರ ದಶಕದಲ್ಲೇ ವಿರಾಗೊ ಅನ್ನುವ ಮಹಿಳಾ ಪ್ರಕಾಶನ ಒಮ್ಮೆ ಹುಡುಕಿ ತೆಗೆದಿತ್ತು. ಜನ ಮೆಚ್ಚಿದರು. ಮತ್ತೆ ಪ್ರತಿ ಮುಗಿಯಿತು, ಮತ್ತೆ ಮರೆತರು. 2020ರಲ್ಲಿ ಇನ್ನೊಮ್ಮೆ ಬಂತು. ಹುಡುಕುವುದು ಒಂದು ಸಲದ ಕೆಲಸವಲ್ಲ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ಯಾರು ಹೇಳಬಲ್ಲರು? ಪ್ರಕಾಶನ ಸಂಸ್ಥೆಗಳು ಹುಟ್ಟುತ್ತವೆ, ಕೈ ಬದಲಾಗುತ್ತವೆ, ಮುಚ್ಚುತ್ತವೆ. ಲೈಬ್ರರಿ ಅಲ್ಲೇ ಇರುತ್ತದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕೂಡ 2020ರಲ್ಲಿ ಇಂಥದೇ ಮಾಲೆ ಶುರುಮಾಡಿತು. ಮೊದಲ ಪುಸ್ತಕಗಳಲ್ಲಿ ಒಂದು ಆನಾ ಕ್ಯಾಥರಿನ್ ಗ್ರೀನ್ 1897ರಲ್ಲಿ ಬರೆದದ್ದು. ಅದರಲ್ಲಿ ಪಕ್ಕದ ಮನೆಯ ವಿಷಯಕ್ಕೆ ಮೂಗು ತೂರಿಸಿ ಕೊಲೆ ಬಿಡಿಸುವವರು ಒಬ್ಬ ಮದುವೆಯಾಗದ ಹಿರಿಯ ಹೆಂಗಸು. ಕ್ರಿಸ್ಟಿಯ ಮಿಸ್ ಮಾರ್ಪಲ್ ಹುಟ್ಟಲು ಇನ್ನೂ ಮೂವತ್ತು ವರ್ಷ ಇತ್ತು.

ಯಾರ್ಕ್‌ಶೈರಿನ ಬಾಸ್ಟನ್ ಸ್ಪಾ ಅನ್ನುವಲ್ಲಿ ಬ್ರಿಟಿಷ್ ಲೈಬ್ರರಿಯ ಒಂದು ದೊಡ್ಡ ಉಗ್ರಾಣ ಇದೆ. ಅಲ್ಲಿನ ಗಾಳಿಯಲ್ಲಿ ಆಮ್ಲಜನಕವನ್ನೇ ಕಡಿಮೆ ಇಟ್ಟಿದ್ದಾರೆ, ಬೆಂಕಿ ಹೊತ್ತಿಕೊಳ್ಳಬಾರದು ಅಂತ. ಪುಸ್ತಕ ತೆಗೆಯುವುದು ಯಂತ್ರ. ಬಾಂಬಿನ ನೆನಪಿರುವವರು ಮಾಡುವ ಏರ್ಪಾಡು ಅದು. ಆದರೂ 2023ರ ಅಕ್ಟೋಬರಿನಲ್ಲಿ ಪೆಟ್ಟು ಬೇರೆ ದಾರಿಯಿಂದ ಬಂತು. ಸೈಬರ್ ದಾಳಿಯಾಗಿ ಲೈಬ್ರರಿಯ ಕಂಪ್ಯೂಟರುಗಳೇ ಕೂತವು. ಪುಸ್ತಕಗಳು ಇದ್ದಲ್ಲೇ ಸುರಕ್ಷಿತವಾಗಿದ್ದವು, ಆದರೆ ಯಾವುದು ಎಲ್ಲಿದೆ ಅಂತ ಹೇಳುವ ಆನ್‌ಲೈನ್ ಕ್ಯಾಟಲಾಗ್ ಇಲ್ಲ. ಅದು ಮತ್ತೆ ಜನರ ಕೈಗೆ ಸಿಕ್ಕಿದ್ದು 2024ರ ಜನವರಿಯಲ್ಲಿ. ಆ ತಿಂಗಳುಗಳಲ್ಲೂ ಹೇ, ಲೊರಾಕ್, ಫಾರ್ಜನ್ ಇವರ ಪುಸ್ತಕಗಳು ಸಾವಿರಾರು ಮನೆಗಳಲ್ಲಿ ಓದಿಸಿಕೊಳ್ಳುತ್ತಿದ್ದವು. ಒಂದು ಪ್ರತಿಯನ್ನು ಜೋಪಾನ ಮಾಡುವುದು ಒಂದು ಕಾವಲಾದರೆ, ಸಾವಿರ ಪ್ರತಿ ಮಾಡಿ ಹಂಚಿಬಿಡುವುದು ಇನ್ನೊಂದು ಕಾವಲು.

ಓದಲು ಶುರುಮಾಡುವವರಿಗೆ ನನ್ನ ಸಲಹೆ: ಮೊದಲು 'ಮರ್ಡರ್ ಬೈ ಮ್ಯಾಚ್‌ಲೈಟ್'. ಆಮೇಲೆ 'ವರ್ಡಿಕ್ಟ್ ಆಫ್ ಟ್ವೆಲ್ವ್', ಅದರ ಮೊದಲ ಭಾಗ ನಿಧಾನ ಅನ್ನಿಸಿದರೂ ಬಿಡಬೇಡಿ. ಕೊಲೆ ಬೇಡ ಅನ್ನುವವರು ನೇರ 'ಚಾಟರ್ಟನ್ ಸ್ಕ್ವೇರ್' ಹಿಡಿಯಿರಿ. ಮುನ್ನುಡಿಯನ್ನು ಮಾತ್ರ ಕಥೆ ಮುಗಿದ ಮೇಲೆ ಓದಿ. ಆಗ ಲೇಖಕರ ಬದುಕು ಇನ್ನೂ ಚೆನ್ನಾಗಿ ಮನಸ್ಸಿಗೆ ಇಳಿಯುತ್ತದೆ.